ಭಾನುವಾರದ ಜಡೆ

ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಎಂಬ ಊರಿನ ಡಯಾಲಿಸಿಸ್ ಕೇಂದ್ರಕ್ಕೆ ಬರುವ ರೋಗಿಗಳು ಬಾಗಿಲಲ್ಲೇ ಒಂದು ಮಾತು ಕೇಳುತ್ತಾರೆ: ಇವತ್ತು ರೆನೆಟಾ ಇದ್ದಾಳಾ? ಸೂಜಿ ಚುಚ್ಚುವುದರಲ್ಲಿ ಅವಳದು ಹಗುರ ಕೈ. ಬೇರೆಯವರು ಚುಚ್ಚಿದರೆ ತೋಳು ಸಂಜೆಯವರೆಗೂ ಮಿಡಿಯುತ್ತದೆ, ರೆನೆಟಾ ಚುಚ್ಚಿದರೆ ಆಡುತ್ತಿದ್ದ ಮಾತು ಮುಗಿಯುವುದರೊಳಗೆ ಕೆಲಸ ಮುಗಿದಿರುತ್ತದೆ. ನಲವತ್ತರ ಹೆಂಗಸು, ಎತ್ತರದ ಮೈಕಟ್ಟು, ತಾಯಿಯದೇ ಅಚ್ಚು. ಮದುವೆ ಆಗಲಿಲ್ಲ. ಯಾಕೆಂದು ಕೇಳಿದವರಿಗೆ "ಪುರುಸೊತ್ತು ಸಿಗ್ಲಿಲ್ಲ" ಎಂದು ನಗುತ್ತಾಳೆ. ಆ ನಗೆಯನ್ನು ನಂಬಿದವರೇ ಹೆಚ್ಚು. ನಗುವವರನ್ನು ನಂಬುವುದು ಸಲೀಸು, ಮುಂದೆ ಇನ್ನೇನೂ ಕೇಳಬೇಕಾಗಿಲ್ಲ.

ಅವಳು ಹುಟ್ಟಿ ಬೆಳೆದದ್ದು ಹ್ಯೂಸ್ಟನ್ನಿನಲ್ಲಿ, ಫಿಫ್ತ್ ವಾರ್ಡ್ ಎಂಬ ಕಪ್ಪು ಜನರ ಹಳೆಯ ಬಡಾವಣೆಯಲ್ಲಿ. ತಾಯಿ ವರ್ನೆಲ್‌ಗೆ ಒಂದು ದೊಡ್ಡ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಒದ್ದೆ ಚಾದರವನ್ನು ಇಸ್ತ್ರಿ ಮಾಡುವ ಬಿಸಿ ರೋಲರಿಗೆ ಕೊಡುವುದು, ಆ ಕಡೆಯಿಂದ ಬಂದದ್ದನ್ನು ಮಡಿಸುವುದು. ವರ್ಷಾನುಗಟ್ಟಲೆ ಅದೇ ಮಾಡಿ ಅವಳ ಬೆರಳಿನ ಗಿಣ್ಣುಗಳು ಊದಿ ಶುಂಠಿಯ ಹಾಗಾಗಿದ್ದವು. ರೆನೆಟಾಗೆ ಹದಿನೈದು ತುಂಬಿದಾಗ, ಇನ್ನು ಮಕ್ಕಳಾಗುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದ ಮನೆಯಲ್ಲಿ ತಂಗಿ ಹುಟ್ಟಿದಳು. ಅಜ್ಜಿಯ ಹೆಸರನ್ನೇ ಇಟ್ಟರು, ಡೆಲ್ಫೀನ್. ಅದೇ ವರ್ಷ ತಂದೆ ಎದೆನೋವು ಬಂದು ತೀರಿಕೊಂಡ.

ರೆನೆಟಾಗೆ ಚಿಕ್ಕಂದಿನಿಂದ ನಾಟಕದ ಹುಚ್ಚು. ಚರ್ಚಿನಲ್ಲಿ ಈಸ್ಟರ್ ಬಂತೆಂದರೆ ಮುಖ್ಯ ಪಾರ್ಟು ಇವಳಿಗೇ ಮೀಸಲು. ಅವಳು ನಿಂತು ಒಂದು ಮಾತು ಆಡಿದರೆ ಹಿಂದಿನ ಬೆಂಚಿನ ಮುದುಕರು "ಹೇಳಮ್ಮ, ಹೇಳು" ಎಂದು ಕೂಗುತ್ತಿದ್ದರು. ಕಪ್ಪು ಜನರ ಚರ್ಚಿನಲ್ಲಿ ಕೇಳುವವರು ಬಾಯಿ ಮುಚ್ಚಿಕೊಂಡು ಕೂರುವ ಪದ್ಧತಿ ಇಲ್ಲ. ಹದಿನೆಂಟಕ್ಕೆ ಆಸ್ಟಿನ್ನಿನಲ್ಲಿ ನಾಟಕ ಓದಲು ಸೀಟು ಸಿಕ್ಕಿತು. ಇಡೀ ಬೀದಿಗೆ ಬೀದಿಯೇ ಅವಳನ್ನು ಬಸ್ಸು ಹತ್ತಿಸಿತು.

ಒಂದು ವರ್ಷ ಓದಿದಳು, ಅಷ್ಟೆ. ಮಗುವನ್ನು ನೋಡಿಕೊಳ್ಳುತ್ತಿದ್ದ ಅಜ್ಜಿಗೆ ಲಕ್ವ ಹೊಡೆಯಿತು. ವರ್ನೆಲ್ ಫೋನ್ ಮಾಡಿ, "ಒಂದು ಟರ್ಮ್ ಬಂದು ಹೋಗು ಮಗಳೇ. ಚಿಕ್ಕದನ್ನ ನೋಡ್ಕೊಳ್ಳೋಕೆ ಯಾರೂ ಇಲ್ಲ" ಎಂದಳು. ಒಂದು ಟರ್ಮ್ ಎಂಬುದು ಹೆಣ್ಣುಮಕ್ಕಳ ಬಾಳಿನಲ್ಲಿ ಎಷ್ಟು ಉದ್ದ ಎಳೆಯುತ್ತದೆಂದು ಬಲ್ಲವರೇ ಬಲ್ಲರು. ರೆನೆಟಾ ಮತ್ತೆ ಆ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ. ಕೇಳಿದವರಿಗೆಲ್ಲ "ಓದು ತಲೆಗೆ ಹತ್ಲಿಲ್ಲ" ಎಂದಳು. ತಂಗಿ ದೊಡ್ಡವಳಾಗಿ ಕೇಳಿದಾಗಲೂ ಅದನ್ನೇ ಹೇಳಿದಳು. ಪಾಪ, ಡೆಲ್ಫೀನ್ ನಂಬಿದಳು. ಅಕ್ಕ ಹೇಳಿದ್ದನ್ನು ನಂಬದೆ ಇನ್ನೇನು ಮಾಡುತ್ತಾಳೆ?

ಆ ಕಾಲದ ಒಂದು ಸಂಗತಿಯನ್ನು ಮಾತ್ರ ಬಿಡಿಸಿ ಹೇಳಲೇಬೇಕು. ಅವರಲ್ಲಿ ಹೆಣ್ಣುಮಕ್ಕಳ ಕೂದಲನ್ನು ಹಣೆಯಿಂದ ಕುತ್ತಿಗೆಯವರೆಗೆ ತಲೆಗೆ ಅಂಟಿಸಿದಂತೆ ಸಾಲು ಸಾಲಾಗಿ ಹೆಣೆಯುತ್ತಾರೆ. ಉತ್ತ ಹೊಲದ ಸಾಲಿನಂತೆ ಕಾಣುತ್ತದೆ. ಭಾನುವಾರ ಸಂಜೆ ಹೆಣೆದರೆ ವಾರವಿಡೀ ಶಾಲೆಗೆ ಚಿಂತೆಯಿಲ್ಲ. ಹೆಣೆಯುವವಳು ಸೋಫಾದ ಮೇಲೆ, ಮಗು ಅವಳ ಎರಡು ಮಂಡಿಗಳ ನಡುವೆ ನೆಲದಲ್ಲಿ, ಟಿವಿಗೆ ಮುಖ ಮಾಡಿ. ಸಿಕ್ಕು ಬಿಡಿಸಿ, ಎಣ್ಣೆ ಸವರಿ, ಬಾಚಣಿಗೆಯ ತುದಿಯಿಂದ ಬೈತಲೆ ತೆಗೆದು ಒಂದೊಂದೇ ಸಾಲು ಹೆಣೆಯುವಷ್ಟರಲ್ಲಿ ಮಗುವಿಗೆ ಅರ್ಧ ನಿದ್ದೆ. ವರ್ನೆಲ್‌ಗೆ ಈ ವಿದ್ಯೆ ಬರುತ್ತಿರಲಿಲ್ಲ. ಬಂದಿದ್ದರೂ ಆ ಬೆರಳುಗಳು ಬಗ್ಗುತ್ತಿರಲಿಲ್ಲ, ಮೇಲಾಗಿ ಭಾನುವಾರ ಅವಳು ಕೆಲಸದಲ್ಲಿರುತ್ತಿದ್ದಳು. ಡೆಲ್ಫೀನ್‌ಗೆ ನಾಲ್ಕು ವರ್ಷವಾದಾಗಿನಿಂದ ಏಳು ತುಂಬುವವರೆಗೆ ಪ್ರತಿ ಭಾನುವಾರ ಹೆಣೆದವಳು ರೆನೆಟಾ.

ಆಮೇಲೆ ತಾಯಿಗೆ ಹಗಲು ಪಾಳಿ ಸಿಕ್ಕಿತು. ರೆನೆಟಾ ಡಯಾಲಿಸಿಸ್ ಟೆಕ್ನಿಷಿಯನ್ ಕೆಲಸ ಕಲಿತು ಡಲ್ಲಾಸ್ ಕಡೆ ಬಂದಳು, ತಂಗಿಯ ಓದಿಗೆ ತಿಂಗಳು ತಿಂಗಳು ಕಳಿಸಿದಳು. ಆ ತಂಗಿ ಬೆಳೆದು ಅದೇ ಆಸ್ಟಿನ್ನಿಗೆ ಹೋಗಿ ಅದೇ ನಾಟಕವನ್ನೇ ಓದಿದಾಗ ರೆನೆಟಾಗೆ ಎಷ್ಟು ಸಂತೋಷವಾಯಿತೋ ಅಷ್ಟೇ ಹೊಟ್ಟೆ ಉರಿಯಿತು. ಎರಡನ್ನೂ ಯಾರಿಗೂ ಹೇಳಲಿಲ್ಲ.

ಓದು ಮುಗಿಸಿದ ಡೆಲ್ಫೀನ್ ತನ್ನಂಥ ಮೂವರು ಕಪ್ಪು ಹುಡುಗಿಯರನ್ನು ಸೇರಿಸಿಕೊಂಡು ಆಸ್ಟಿನ್ನಿನಲ್ಲಿ ತಂಡ ಕಟ್ಟಿದಳು. ಹಗಲು ಕಾಫಿ ಅಂಗಡಿಯಲ್ಲೋ ಶಾಲೆಯಲ್ಲೋ ದುಡಿಮೆ, ಸಂಜೆ ತಾಲೀಮು. ವರ್ಷಕ್ಕೊಬ್ಬಳು ತನ್ನ ಮನೆಗಾಗಿ ಬಾಳು ಸವೆಸಿದ ಒಬ್ಬರ ಮೇಲೆ ಹೊಸ ನಾಟಕ ಬರೆಯಬೇಕು, ಉಳಿದವರು ಅದಕ್ಕೆ ಹೆಗಲು ಕೊಡಬೇಕು. ಮೊದಲ ವರ್ಷ ಒಬ್ಬಳು ಲಾರಿ ಓಡಿಸಿ ಐದು ಮಕ್ಕಳನ್ನು ಸಾಕಿದ ಅಜ್ಜಿಯ ಮೇಲೆ ಬರೆದಳು. ವರ್ನೆಲ್ ತೀರಿಕೊಂಡು ಎರಡು ವರ್ಷಕ್ಕೆ ಡೆಲ್ಫೀನಳ ಸರದಿ ಬಂತು.

"ಅಮ್ಮನ ಪಾರ್ಟು ನೀನೇ ಮಾಡ್ಬೇಕು" ಎಂದಳು ಫೋನಿನಲ್ಲಿ. "ಅಮ್ಮನ ಮುಖ ನಿಂದೇ. ಬೇರೆ ಯಾರನ್ನೂ ನನ್ನ ಕೈಲಿ ನೋಡಕ್ಕಾಗಲ್ಲ."

ಇಪ್ಪತ್ತು ವರ್ಷಗಳ ಮೇಲೆ ರಂಗದ ಮೇಲೆ ನಿಲ್ಲುವುದು. ರೆನೆಟಾ ಕಾರಿನಲ್ಲೇ ಕೂತು ಗಳಗಳ ಅತ್ತಳು. ಆಮೇಲೆ ಮೇಲ್‌ನಲ್ಲಿ ಬಂದ ನಾಟಕವನ್ನು ಓದಿದಳು. ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದಳು. ನಾಟಕದ ಮನೆಯಲ್ಲಿ ತಾಯಿ ಇದ್ದಳು, ರೋಲರಿನ ಬಿಸಿ ಇತ್ತು, ಸತ್ತ ಗಂಡನ ಟೋಪಿಯೂ ಇತ್ತು. ಮಗಳು ಮಾತ್ರ ಒಬ್ಬಳೇ. ನಡುವೆ ಒಂದು ದೃಶ್ಯ: ಭಾನುವಾರ ಸಂಜೆ ತಾಯಿ ಆ ಒಬ್ಬಳೇ ಮಗಳಿಗೆ ಜಡೆ ಹೆಣೆಯುತ್ತ, "ನಂಗೆ ಇರೋಳು ನೀನೊಬ್ಳೇ" ಎನ್ನುತ್ತಾಳೆ.

"ಇಬ್ಬರನ್ನ ಇಟ್ರೆ ಕಥೆ ಹಂಚಿಹೋಗತ್ತೆ ರೆನೆಟಾ" ಎಂದಳು ಡೆಲ್ಫೀನ್, ಮರುದಿನ ಫೋನಿನಲ್ಲಿ. "ಬೇಜಾರಾಯ್ತಾ? ಇಡೀ ನಾಟಕದ ತುಂಬ ನೀನೇ ಇದೀಯಲ್ಲ."

"ಬೇಜಾರೇನಿಲ್ಲ" ಎಂದಳು ರೆನೆಟಾ. ಈ ಮಾತಿಗೂ ಅವಳ ಹಳೆಯ ನಗೆಗೂ ಒಂದೇ ತಾಯಿ.

ಕೇಂದ್ರದಲ್ಲಿ ಊಟದ ಹೊತ್ತಿಗೆ ನಾಟಕದ ಮಾತು ಬಾಯಿಪಾಠ ಮಾಡಿಸುತ್ತಿದ್ದವರು ಡಯಟಿಷಿಯನ್ ಅನಸೂಯಾ. ರೋಗಿಗಳಿಗೆ ಬಾಳೆಹಣ್ಣು ಬೇಡ, ಆಲೂಗಡ್ಡೆ ಬೇಡ ಎಂದು ಹೇಳಿ ದಿನವೂ ಬೈಸಿಕೊಳ್ಳುವ ಕೆಲಸ ಅವರದು. ಧಾರವಾಡದವರು, ಐವತ್ತೈದರ ಸುಮಾರು. ಹಿರಿಯ ಹೆಂಗಸರ ಹೆಸರಿಗೆ ಮೊದಲು 'ಮಿಸ್' ಸೇರಿಸುವುದು ರೆನೆಟಾಳ ಕಡೆಯ ರೂಢಿ, ಹಾಗಾಗಿ ಮೂರು ಮಕ್ಕಳ ತಾಯಿಯಾದ ಅನಸೂಯಾ ಅಲ್ಲಿ ಮಿಸ್ ಅನಸೂಯಾ. ಮಾತು ಇಂಗ್ಲಿಷಿನದಾದರೂ ಅದರೊಳಗೆ ಧಾರವಾಡ ಚಕ್ಕಳಮಕ್ಕಳ ಹಾಕಿ ಕೂತಿರುತ್ತಿತ್ತು. ಮೊಸರನ್ನದ ಡಬ್ಬಿ ಪಕ್ಕಕ್ಕಿಟ್ಟು ಮಗಳ ಪಾರ್ಟಿನ ಮಾತುಗಳನ್ನು ಅವರೇ ಓದುತ್ತಿದ್ದರು. ಜಡೆಯ ದೃಶ್ಯ ಮುಗಿದದ್ದೇ ಕನ್ನಡಕ ತೆಗೆದರು.

"ಅಲ್ಲವ್ವಾ, ಇದರಾಗ ನೀ ಎಲ್ಲಿದ್ದಿ?"

"ನಾನೇ ಅಮ್ಮ ಅಲ್ವಾ ಮಿಸ್ ಅನಸೂಯಾ?"

"ಅದು ಪಾರ್ಟು. ನಾ ಕೇಳೂದು ನೀ ಎಲ್ಲಿದ್ದಿ ಅಂತ. ಈ ಜಡಿ ಖರೇನ ಯಾರು ಹಾಕತಿದ್ರು? ನಿಮ್ಮವ್ವ?"

ರೆನೆಟಾ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು. "ನಾನು" ಎಂದಳು ಕೊನೆಗೆ. ಅಷ್ಟು ವರ್ಷಗಳಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು.

"ನಾನೂ ಮನೀಗೆ ಹಿರೇಮಗಳ" ಎಂದರು ಅನಸೂಯಾ. "ಹಿರ್ಯಾಕಿ ಮಾಡಿದ್ದು ಯಾರ ಲೆಕ್ಕಕ್ಕೂ ಬರೂದಿಲ್ಲ. ಅಳಲಿಲ್ಲಂದ್ರ ಹಡದವ್ವನೂ ಹಾಲು ಕೊಡೂದಿಲ್ಲ. ತಂಗೀಗೆ ನಾಟಕ ಏನ ಬದಲಿ ಮಾಡಬ್ಯಾಡ ಅನ್ನು. ಒಂದ ಮಾತು ಸೇರಿಸು ಅನ್ನು. ಮನ್ಯಾಗ ದೊಡ್ಡಾಕಿ ಒಬ್ಬಾಕಿ ಇದ್ದಳು, ಅಷ್ಟ. ಒಂದ ಮಾತು."

ಒಂದು ಮಾತು. ರೆನೆಟಾಗೆ ಅದು ಸರಿ ಎನ್ನಿಸಿತು. ಹೆಚ್ಚೇನು ಕೇಳಿದಂತಾಗಲಿಲ್ಲ. ಶುಕ್ರವಾರ ಆಸ್ಟಿನ್ ಕಡೆ ಡ್ರೈವ್ ಮಾಡುವಾಗ ದಾರಿಯುದ್ದಕ್ಕೂ ಹೇಗೆ ಕೇಳುವುದೆಂದು ಜೋರಾಗಿ ಅಭ್ಯಾಸ ಮಾಡಿದಳು. ಟ್ರಾಫಿಕ್ಕಿನಲ್ಲಿ ನಿಂತಾಗ ಪಕ್ಕದ ಕಾರಿನವನು ಇವಳನ್ನು ವಿಚಿತ್ರವಾಗಿ ನೋಡಿದ. ನೋಡಲಿ ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಕೊನೆಯ ತಾಲೀಮು. ಸಣ್ಣ ರಂಗಮಂದಿರ, ಹಿಂದೆ ಗೋದಾಮಾಗಿದ್ದ ಕಟ್ಟಡ. ಡೆಲ್ಫೀನ್ ಮಗಳ ಪಾರ್ಟಿನಲ್ಲಿ. ಹಿಂದಿನ ತಾಲೀಮುಗಳಲ್ಲಿ ಹೆಣೆದಂತೆ ನಟಿಸಿದ್ದಷ್ಟೇ, ಇವತ್ತು ತಲೆಯನ್ನು ಮೊದಲೇ ಹೆಣೆದು, ಕೊನೆಯ ಎರಡು ಸಾಲನ್ನು ಮಾತ್ರ ರಂಗದ ಮೇಲೆ ಹೆಣೆಯಲು ಬಿಟ್ಟಿದ್ದರು. ಉಳಿದ ಹುಡುಗಿಯರು ಹೊರಗೆ ದೀಪದವನ ಜೊತೆ ಮಾತಿನಲ್ಲಿದ್ದರು. ಇದೇ ಸಮಯ ಎಂದುಕೊಂಡು ರೆನೆಟಾ ಸೋಫಾದ ಮೇಲೆ ಕೂತಳು. ತಂಗಿ ಬಂದು ಮಂಡಿಗಳ ನಡುವೆ ಕೂತಳು. ಬೈತಲೆ ತೆಗೆದು ಮೂರು ಎಳೆ ಹಿಡಿದು ಎಡ ಬಲ ಹೆಣೆಯತೊಡಗಿದ್ದೇ ಡೆಲ್ಫೀನಳ ಭುಜ ಅಲುಗಿತು.

"ಏನಾಯ್ತು, ನೋವಾಯ್ತಾ?"

"ಇಲ್ಲ." ಅವಳು ಅಳುತ್ತಿದ್ದಳು. "ಥೇಟ್ ಅಮ್ಮನ ಕೈ. ಹೀಗೇ ಇತ್ತು. ರೆನೆಟಾ, ನಂಗೆ ಅಮ್ಮ ಅಂದ್ರೆ ಏನು ನೆನಪಿದೆ ಗೊತ್ತಾ? ಬ್ಯಾಗ್ ಹಾಕ್ಕೊಂಡು ಕೆಲಸಕ್ಕೆ ಹೋಗೋಳು. ಬಂದು ಮಲಗೋಳು. ಶ್ಶ್, ಅಮ್ಮ ಮಲಗಿದಾಳೆ ಅಂತ ನೀನು ಹೇಳ್ತಿದ್ದೆ. ಆಮೇಲೆ ಕಾಯಿಲೆ. ನನ್ನನ್ನ ಮುಟ್ಟಿದ್ದು ಅಂತ ಇರೋದು ಇದೊಂದೇ. ಮುಖ ಕಾಣ್ತಿರ್ಲಿಲ್ಲ, ಟಿವಿ ಕಡೆ ತಿರುಗಿರ್ತಿದ್ದೆ. ಕೈ ಮಾತ್ರ ನೆನಪಿದೆ. ಈ ಕೈ ಒಂದಕ್ಕೋಸ್ಕರ ಇಡೀ ನಾಟಕ ಬರೆದೆ ಕಣೇ."

ರೆನೆಟಾಳ ಕೈ ನಿಂತಿತು. ದಾರಿಯುದ್ದಕ್ಕೂ ಕಲಿತು ಬಂದ ಮಾತು ನಾಲಗೆಯ ತುದಿಯಲ್ಲೇ ಇತ್ತು. ಹೇಳಿದರೆ ಸುಳ್ಳಾಗುತ್ತಿರಲಿಲ್ಲ, ಪಾಪವೂ ಆಗುತ್ತಿರಲಿಲ್ಲ. ಆದರೆ ಈ ಹುಡುಗಿಯ ಹತ್ತಿರ ತಾಯಿ ಎಂದು ಇರುವುದು ಇಷ್ಟೇ, ಅದನ್ನೂ ನನ್ನದು ಎಂದು ಕಿತ್ತುಕೊಂಡರೆ ಉಳಿಯುವುದೇನು? ಮಲಗಿದ ಹೆಂಗಸು, ಹೊರಟ ಹೆಂಗಸು. ರೆನೆಟಾಗೆ ತನ್ನ ಮೇಲೆಯೇ ಸಿಟ್ಟು ಬಂತು, ತಾಯಿಯ ಮೇಲೂ ಬಂತು, ಏನೂ ತಿಳಿಯದೆ ಅಳುತ್ತಿರುವ ಇವಳ ಮೇಲೂ ಬಂತು.

"ತಲೆ ಆಡಿಸ್ಬೇಡ" ಎಂದಳು. "ಬೈತಲೆ ಸೊಟ್ಟ ಆಗತ್ತೆ."

ಭಾನುವಾರ ಮಧ್ಯಾಹ್ನದ ಪ್ರದರ್ಶನಕ್ಕೆ ಮಂದಿರ ತುಂಬಿತು. ಅನಸೂಯಾ ಮೈಸೂರು ರೇಷ್ಮೆ ಉಟ್ಟು ಡಲ್ಲಾಸಿನಿಂದ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದರು. ಹ್ಯೂಸ್ಟನ್ನಿನಿಂದ ವರ್ನೆಲ್ ಜೊತೆ ಮೂವತ್ತು ವರ್ಷ ಚಾದರ ಮಡಿಸಿದ ಮಿಸ್ ಒಡೆಸಾ ಬಂದಿದ್ದರು. ಎಂಬತ್ತು ದಾಟಿದ ಮುದುಕಿ, ಚರ್ಚಿಗೆ ಹೋಗುವ ನೇರಳೆ ಟೋಪಿ ಇಟ್ಟು, ಅಕ್ಕನ ಮಗಳ ತೋಳು ಹಿಡಿದು.

ನಾಟಕ ಚೆನ್ನಾಗಿ ಆಯಿತು ಎಂದರೆ ಕಡಿಮೆ ಹೇಳಿದಂತೆ. ಜನ ಚರ್ಚಿನಲ್ಲಿ ಕೂತವರ ಹಾಗೆ ಮಾತುಮಾತಿಗೆ ಓಗೊಟ್ಟರು. ತಾಯಿ ಗಂಡನ ಟೋಪಿಯನ್ನು ಮೊಳೆಯಿಂದ ತೆಗೆದು ಮತ್ತೆ ಅಲ್ಲೇ ಹಾಕಿದಾಗ "ಗೊತ್ತಮ್ಮ, ಗೊತ್ತು" ಎಂದು ಯಾರೋ ನಿಟ್ಟುಸಿರು ಬಿಟ್ಟರು. ಜಡೆಯ ದೃಶ್ಯದಲ್ಲಿ ಓಗೊಡುವುದೂ ನಿಂತುಹೋಯಿತು. "ನಂಗೆ ಇರೋಳು ನೀನೊಬ್ಳೇ" ಎಂಬ ಮಾತು ಬಂದಾಗ ರೆನೆಟಾ ಅದನ್ನು ಹೇಗೆ ಹೇಳಿದಳೋ, ಅವಳಿಗೇ ತಿಳಿಯದು. ನಿಜವಾಗಿ ಅವಳಿಗೂ ಇದ್ದವಳು ಆ ಹುಡುಗಿಯೊಬ್ಬಳೇ.

ಮುಗಿದ ಮೇಲೆ ಅವರ ಪದ್ಧತಿಯಂತೆ ನಟಿಯರು ರಂಗದ ಅಂಚಿನಲ್ಲೇ ಕೂತು ನೋಡಿದವರ ಮಾತಿಗೆ ಉತ್ತರ ಕೊಡಬೇಕು. ಒಬ್ಬರು ಹೊಗಳಿದರು, ಇನ್ನೊಬ್ಬರು ತಮ್ಮ ತಾಯಿಯನ್ನು ನೆನೆದರು. ಆಗ ಮಿಸ್ ಒಡೆಸಾ ಊರುಗೋಲು ಊರಿ ಎದ್ದು ನಿಂತರು. ಮೈಕು ಕೊಡಲು ಹೋದವಳನ್ನು ಬೇಡವೆಂದು ಸರಿಸಿದರು.

"ಮಕ್ಕಳೇ, ತುಂಬ ಚೆನ್ನಾಗಿ ಮಾಡಿದ್ರಿ. ವರ್ನೆಲ್ಲೇ ಎದ್ದು ಬಂದ ಹಾಗಿತ್ತು. ಆದರೆ ಒಂದು ತಪ್ಪಿದೆ. ವರ್ನೆಲ್‌ಗೆ ಜಡೆ ಹೆಣೆಯಕ್ಕೆ ಬರ್ತಿರ್ಲಿಲ್ಲ. ಭಾನುವಾರ ಅವಳೂ ನಾನೂ ರೋಲರ್ ಮುಂದೆ ಬೇಯ್ತಾ ಇರ್ತಿದ್ವಿ. ಅವಳು ಏನು ಹೇಳ್ತಿದ್ಲು ಗೊತ್ತಾ? ಒಡೆಸಾ, ಈಗ ಮನೇಲಿ ನನ್ನ ದೊಡ್ಡವಳು ಚಿಕ್ಕವಳ ತಲೆ ಹೆಣೀತಿರ್ತಾಳೆ. ಆ ಕೈ ಇರೋದ್ರಿಂದ ನಾನು ಇಲ್ಲಿ ನಿಂತಿದೀನಿ ಅಂತಿದ್ಲು. ಪ್ರತಿ ಭಾನುವಾರ ಅದನ್ನೇ ಹೇಳೋಳು. ಕೇಳಿ ಕೇಳಿ ನಂಗೇ ಸಾಕಾಗ್ತಿತ್ತು."

ತಾಯಿ ಈ ಮಾತನ್ನು ರೆನೆಟಾಗೆ ಒಂದು ದಿನವೂ ಹೇಳಿರಲಿಲ್ಲ. ಸಾಯುವಾಗಲೂ ಹೇಳಲಿಲ್ಲ, ಗ್ಯಾಸ್ ಆಫ್ ಮಾಡಿದೀಯಾ ಎಂದು ಕೇಳಿ ಕಣ್ಣು ಮುಚ್ಚಿದ್ದಳು. ಇಷ್ಟು ವರ್ಷ ರೆನೆಟಾ ಯಾವ ಮಾತಿಗೆ ಬಾಯಾರಿ ಕೂತಿದ್ದಳೋ ಆ ಮಾತು ಈಗ ಇನ್ನೂರು ಜನರ ಮುಂದೆ, ತಂಗಿಯ ಎದುರಿನಲ್ಲಿ ಬಂದು ನಿಂತಿತ್ತು. ಇವಳು ಕೇಳಬೇಕಾಗಿಯೂ ಇರಲಿಲ್ಲ. ಹೌದು ಎಂದು ತಲೆಯಾಡಿಸಿದ್ದರೆ ಸಾಕಾಗಿತ್ತು.

ಡೆಲ್ಫೀನ್ ಅವಳ ಕಡೆ ತಿರುಗಿದಳು. ಇಪ್ಪತ್ತೈದು ವರ್ಷದ ಹುಡುಗಿಯ ಮುಖ ನಾಲ್ಕು ವರ್ಷದ್ದಾಗಿತ್ತು. "ರೆನೆಟಾ?" ಎಂದಳು ಮೆಲ್ಲಗೆ.

"ಮಿಸ್ ಒಡೆಸಾ ಹೇಳೋದು ಅರ್ಧ ನಿಜ" ಎಂದಳು ರೆನೆಟಾ. ದನಿ ನಡುಗಲಿಲ್ಲ, ನಟಿಯಲ್ಲವೇ. "ವಾರದ ನಡುವೆ ಕೆದರಿದ್ರೆ ನಾನು ಬಾಚ್ತಿದ್ದೆ. ಭಾನುವಾರದ್ದು ಅಮ್ಮಂದೇ. ಅಮ್ಮ ಹೊರಗಡೆ ಹೇಳ್ಕೊಳ್ತಿರ್ಲಿಲ್ಲ, ಬೈತಲೆ ಸೊಟ್ಟ ಬರತ್ತೆ ಅಂತ ನಾಚಿಕೆ. ಪಾಳಿ ಮುಗಿಸಿ ಬರೋಳು. ಬಿಸಿನೀರಲ್ಲಿ ಕೈ ಅದ್ದಿ ಬೆರಳು ಸಡಿಲ ಮಾಡ್ಕೊಳ್ಳೋಳು. ಮಲಗಿರೋ ಮಗೂನ ಎತ್ತಿ ತಂದು ಮಡಿಲಿಗೆ ಒರಗಿಸಿ ಹೆಣೆಯೋಳು."

"ಹೌದು" ಎಂದಳು ಡೆಲ್ಫೀನ್. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. "ಹೌದು, ನಂಗೆ ನಿದ್ದೆ ನಿದ್ದೆ ಇರ್ತಿತ್ತು. ಕೈ ಬೆಚ್ಚಗಿರ್ತಿತ್ತು. ನೆನಪಿದೆ."

ಮಿಸ್ ಒಡೆಸಾ ನಿಂತೇ ಇದ್ದರು. ಮಂಜುಗಟ್ಟಿದ ಕಣ್ಣಿನಿಂದ ರೆನೆಟಾಳನ್ನು ಬಹಳ ಹೊತ್ತು ನೋಡಿದರು. ರೆನೆಟಾ ಕಣ್ಣು ತಪ್ಪಿಸಲಿಲ್ಲ, ಕಣ್ಣಿನಲ್ಲೇ ಬೇಡಿಕೊಂಡಳು. ಮುದುಕಿಗೆ ತಿಳಿಯಿತು. "ಇರಬಹುದಮ್ಮ" ಎಂದರು. "ನಂಗೂ ವಯಸ್ಸಾಯ್ತು. ಏನೋ ಒಂದಕ್ಕೊಂದು ಸೇರಿಸಿ ಹೇಳಿಬಿಟ್ಟೆ." ಅಷ್ಟು ಜನರ ಮುಂದೆ ಅರಳುಮರಳು ಎನ್ನಿಸಿಕೊಂಡು ಮೆಲ್ಲಗೆ ಕೂತರು. ಯಾರೋ ಪಕ್ಕದವರು ಸಮಾಧಾನಕ್ಕೆಂದು ಅವರ ಕೈ ತಟ್ಟಿದರು.

ಹೊರಗೆ ಕಾರಿನ ಹತ್ತಿರ ಅನಸೂಯಾ ಅವಳನ್ನು ತಡೆದು ನಿಲ್ಲಿಸಿದರು. ಅವರ ಕಣ್ಣು ಕೆಂಪಾಗಿತ್ತು, ಸಿಟ್ಟಿನಿಂದಲೋ ಅತ್ತೋ ಹೇಳುವುದು ಕಷ್ಟ.

"ಬಾಯಿಗೆ ಬಂದ ತುತ್ತು ಉಗುಳಿದ್ಯಲ್ಲ ಹುಚ್ಚಿ. ಯಾಕ ಹಂಗಂದಿ?"

"ಅವಳ ಮುಖ ನೋಡಿದ್ರಲ್ಲ ಮಿಸ್ ಅನಸೂಯಾ."

ಅನಸೂಯಾ ಮುಂದೆ ಬಂದು ತಮಗಿಂತ ಗೇಣುದ್ದ ಎತ್ತರದ ಹೆಂಗಸನ್ನು ಬಗ್ಗಿಸಿ ತಬ್ಬಿಕೊಂಡರು. ರೆನೆಟಾ ಆಗ ಅತ್ತಳು, ರೇಷ್ಮೆ ಸೆರಗು ತೊಯ್ಯುವಷ್ಟು. ತಾಯಿ ತನ್ನನ್ನು ಅಷ್ಟು ಹೊಗಳುತ್ತಿದ್ದಳೆಂಬ ಸಂತೋಷಕ್ಕೋ, ಅದನ್ನು ತನ್ನ ಬಾಯಿಂದಲೇ ಸುಳ್ಳು ಮಾಡಿದ ಸಂಕಟಕ್ಕೋ ಅವಳಿಗೇ ಬಿಡಿಸಲಾಗಲಿಲ್ಲ.

ಮುಖ ತೊಳೆದು ಒಳಗೆ ಬಂದಾಗ ಬಣ್ಣದ ಕೋಣೆಯಲ್ಲಿ ಡೆಲ್ಫೀನ್ ಒಬ್ಬಳೇ ಕಾಲು ಚಾಚಿ ಕೂತಿದ್ದಳು. ಕಣ್ಣು ಊದಿತ್ತು, ಮುಖ ಮಾತ್ರ ಬೆಳಗುತ್ತಿತ್ತು. ತಾಯಿ ಸತ್ತ ಮೇಲೆ ಅವಳು ಅಷ್ಟು ನೆಮ್ಮದಿಯಾಗಿದ್ದದ್ದನ್ನು ರೆನೆಟಾ ಕಂಡಿರಲಿಲ್ಲ.

"ಬಿಸಿನೀರಿಂದು ನೀನು ನಂಗೆ ಯಾವತ್ತೂ ಹೇಳೇ ಇಲ್ಲ" ಎಂದಳು ಡೆಲ್ಫೀನ್. "ಪಾಳಿ ಮುಗಿಸಿ ಬಂದು, ಬೆರಳು ಸಡಿಲ ಮಾಡ್ಕೊಂಡು, ನನ್ನ ಎತ್ಕೊಂಡು... ಅದಕ್ಕಿಂತ ಇನ್ನೇನು ಬೇಕು? ರೆನೆಟಾ, ಆ ಮಾತು ನಾಟಕಕ್ಕೆ ಸೇರಿಸ್ತೀನಿ. ನೀನು ಇವತ್ತು ಹೇಳಿದ್ಯಲ್ಲ, ಹಾಗೇ ಹೇಳು. ಒಂದಕ್ಷರ ಬದಲಾಯಿಸ್ಬೇಡ."

"ಆಯ್ತು" ಎಂದಳು ರೆನೆಟಾ.

ಮುಂದಿನ ತಿಂಗಳು ಡಲ್ಲಾಸಿನಲ್ಲಿ ಆಡಿದರು, ಆಮೇಲೆ ಹ್ಯೂಸ್ಟನ್ನಿನಲ್ಲಿ. ಎರಡೂ ಕಡೆ ಜನ ಎಲ್ಲಕ್ಕಿಂತ ಹೆಚ್ಚು ಅತ್ತದ್ದು ಆ ಮಾತಿಗೇ.